ಓದುಗರ ಪ್ರಶ್ನೆ: ಸಾವಿರ ರೂಪಾಯಿಯೊಳಗೆ ಕ್ರಿಸ್‌ಮಸ್ ಟ್ರೀ ಸಿಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಕ್ರಿಸ್‌ಮಸ್ ಟ್ರೀ ಬಗ್ಗೆಯೇ ಜಾಸ್ತಿ. ಊರು ಬೇರೆ ಬೇರೆ, ಮನೆ ಬೇರೆ ಬೇರೆ, ಆದರೆ ಎಲ್ಲರದ್ದೂ ದುಡ್ಡಿನ ಚಿಂತೆಯೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈ ಬಾರಿ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಬೆಂಗಳೂರಿನ ಲಿಂಗರಾಜಪುರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಇಬ್ಬರು ಮಕ್ಕಳು. ಈ ವರ್ಷ ಟ್ರೀ ಬೇಕೇ ಬೇಕು ಅಂತ ಹಟ ಮಾಡುತ್ತಿದ್ದಾರೆ. ಮಾಲ್‌ನಲ್ಲಿ ಆರು ಅಡಿಯದ್ದಕ್ಕೆ 4,500 ರೂಪಾಯಿ ಹೇಳಿದರು. ನನ್ನ ಹತ್ತಿರ ಇದಕ್ಕೆ ಇರುವುದು ಸಾವಿರ ರೂಪಾಯಿ, ಲೈಟು ಅಲಂಕಾರ ಎಲ್ಲ ಸೇರಿ. ಕಂತಿನಲ್ಲಿ ಕೊಳ್ಳಲಾ?

ಕಂತಿನಲ್ಲಿ ಕೊಳ್ಳಬೇಡಿ. ಹಬ್ಬ ಮುಗಿದು ಫೆಬ್ರವರಿ ಬಂದರೂ ಕಟ್ಟುತ್ತಲೇ ಇರಬೇಕಾಗುತ್ತದೆ, ಆ ಹೊತ್ತಿಗೆ ಸ್ಕೂಲ್ ಫೀಸಿನ ಚೀಟಿ ಬಂದಿರುತ್ತದೆ. ಸಾವಿರ ರೂಪಾಯಿಗೆ ಚೆನ್ನಾದ ಟ್ರೀ ಆಗುತ್ತದೆ. ಆರು ಅಡಿ ಅನ್ನುವುದನ್ನು ಮಾತ್ರ ಮೊದಲು ಬಿಟ್ಟುಬಿಡಿ. ಆರು ಅಡಿಯ ಟ್ರೀ ಕೆಳಗೆ ಮೂರು ನಾಲ್ಕು ಅಡಿ ಅಗಲ ಹರಡಿಕೊಳ್ಳುತ್ತದೆ. ನಿಮ್ಮ ಹಾಲ್‌ನಲ್ಲಿ ಅದನ್ನು ಇಟ್ಟರೆ ಮನೆಗೆ ಬಂದವರು ಕೂರುವುದೆಲ್ಲಿ?

ನಾನು ಹೇಳುವುದು ಕುಂಡದ ಗಿಡ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಅಂತಲೇ ಮಾರುವ ಅರೌಕೇರಿಯ ಗಿಡ ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ್ದು. ಮಹಡಿ ಮಹಡಿಯಾಗಿ ಸುತ್ತ ಕೊಂಬೆ ಬಿಡುತ್ತದೆ. ಲಾಲ್‌ಬಾಗ್‌ನ ಸಿದ್ದಾಪುರ ಗೇಟ್ ಕಡೆ ನರ್ಸರಿಗಳ ಸಾಲೇ ಇದೆ, ಅಲ್ಲಿ ನಾಲ್ಕು ಕಡೆ ವಿಚಾರಿಸಿ. ತೋಟಗಾರಿಕೆ ಇಲಾಖೆಯ ನರ್ಸರಿ ಹತ್ತಿರದಲ್ಲಿದ್ದರೆ ಅಲ್ಲೂ ಕೇಳಿ. ಈ ಗಿಡಕ್ಕೆ ಬೆಲೆ ಏರುವುದು ಎತ್ತರದ ಮೇಲೆ, ಪ್ರತಿ ಅಡಿಗೂ ಜಿಗಿಯುತ್ತದೆ. ಆದ್ದರಿಂದ ಒಂದೂವರೆ ಎರಡು ಅಡಿಯದನ್ನೇ ತನ್ನಿ. ಎರಡಡಿ ಎತ್ತರದ ಸ್ಟೂಲ್ ಮೇಲೆ ಇಟ್ಟು, ಸ್ಟೂಲನ್ನೂ ಕುಂಡವನ್ನೂ ಒಂದು ಹಳೆಯ ಕೆಂಪು ಸೀರೆಯಿಂದ ಸುತ್ತಿಬಿಟ್ಟರೆ ಮಕ್ಕಳ ಕಣ್ಣಿಗೆ ನಾಲ್ಕಡಿಯ ಮರವೇ. ಡಿಸೆಂಬರ್ 20 ದಾಟಿದ ಮೇಲೆ ಹೋಗಬೇಡಿ. ಆಗ ಬೆಲೆಯೂ ಜಾಸ್ತಿ, ಉಳಿದಿರುವುದೂ ಬೇರೆಯವರು ಬೇಡ ಅಂತ ಬಿಟ್ಟ ಗಿಡಗಳೇ.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ನಡುವಿನ ತುದಿ ಒಂದೇ ಇರಬೇಕು, ಮುರಿದಿರಬಾರದು. ಕೆಳಗಿನ ಕೊಂಬೆಗಳು ಹಸಿರಾಗಿರಬೇಕು, ಯಾಕೆಂದರೆ ಈ ಗಿಡದಲ್ಲಿ ಕೆಳಗಿನ ಕೊಂಬೆ ಒಣಗಿ ಬಿದ್ದರೆ ಆ ಜಾಗದಲ್ಲಿ ಮತ್ತೆ ಬರುವುದಿಲ್ಲ. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ನಿನ್ನೆ ಮೊನ್ನೆ ಕಿತ್ತು ಕುಂಡಕ್ಕೆ ಹಾಕಿದ್ದು ಅಂತ ಅರ್ಥ, ಅದು ಬೇಡ. ಬಿಳಿ ಅಥವಾ ಬಂಗಾರದ ಬಣ್ಣ ಸಿಂಪಡಿಸಿದ ಗಿಡ ಕೂಡ ಬೇಡ. ಬಣ್ಣ ಎಲೆಯನ್ನು ಮುಚ್ಚಿಬಿಡುತ್ತದೆ, ಗಿಡ ಸೊರಗುತ್ತದೆ.

ಮನೆಯೊಳಗೆ ಕಿಟಕಿ ಪಕ್ಕ, ಚೆನ್ನಾಗಿ ಬೆಳಕು ಬರುವ ಕಡೆ ಇಡಿ. ಮಣ್ಣಿಗೆ ಬೆರಳು ಇಳಿಸಿ ನೋಡಿ, ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು. ಎರಡು ವಾರ ಒಳಗಿದ್ದರೆ ಏನೂ ಆಗುವುದಿಲ್ಲ. ಆಮೇಲೆ ಬಾಲ್ಕನಿಗೆ ಬರಲಿ, ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಬೇಡ. ಕೊಂಬೆಗಳು ಮೆತ್ತಗಿರುವುದರಿಂದ ಗಾಜಿನ ಗುಂಡು, ಪಿಂಗಾಣಿ ಗಂಟೆ ತೂಗುಹಾಕಬೇಡಿ. ಬಣ್ಣದ ಕಾಗದದ ನಕ್ಷತ್ರ, ಉಲ್ಲನ್ ದಾರದ ಚೆಂಡು, ಹಳೆಯ ಗ್ರೀಟಿಂಗ್ ಕಾರ್ಡ್ ಕತ್ತರಿಸಿ ಮಾಡಿದ ದೇವದೂತರು, ಇವು ಸಾಕು. ಮಕ್ಕಳೇ ಕೂತು ಮಾಡಲಿ. ಅವರು ಹಟ ಮಾಡುತ್ತಿರುವುದು ಅರ್ಧ ಇದಕ್ಕೇ ಅನ್ನುವುದು ನನ್ನ ನಂಬಿಕೆ. ಉಳಿದ ದುಡ್ಡಿನಲ್ಲಿ ಒಂದು ಸಣ್ಣ ಎಲ್‌ಇಡಿ ಸೀರಿಯಲ್ ಸೆಟ್ ಬರುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಡಿಸೆಂಬರ್‌ನಲ್ಲಿ ಸ್ಟಾರು, ಲೈಟು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ಸಾಮಾನು ಎಲ್ಲ ಒಂದೇ ಕಡೆ ಸಿಗುತ್ತವೆ. ಲಿಂಗರಾಜಪುರದಿಂದ ದೂರವೂ ಅಲ್ಲ. ಚೌಕಾಸಿ ಮಾಡಿ.

ಇಲ್ಲ, ಗಿಡ ನೋಡಿಕೊಳ್ಳಲು ಸಮಯವಿಲ್ಲ, ಪ್ಲಾಸ್ಟಿಕ್ಕೇ ಬೇಕು ಅಂದರೆ ಮೂರಡಿಯದು ನಿಮ್ಮ ಬಜೆಟ್ಟಿಗೆ ಹೊಂದಬಹುದು. ಆನ್‌ಲೈನ್ ಫೋಟೋ ನಂಬಬೇಡಿ. ಎಲೆಯ ತುದಿಗಳು ಎಷ್ಟಿವೆ ಅಂತ ವಿವರದಲ್ಲಿ ಬರೆದಿರುತ್ತಾರೆ, ಒಂದೇ ಎತ್ತರದ ಎರಡು ಟ್ರೀಗಳಲ್ಲಿ ತುದಿ ಜಾಸ್ತಿ ಇರುವುದೇ ತುಂಬಿ ಕಾಣುವುದು. ಎತ್ತರದ ಲೆಕ್ಕದಲ್ಲಿ ಕಾಲೂ ಸೇರಿರುತ್ತದೆ ಅನ್ನುವುದು ನೆನಪಿರಲಿ. ಪ್ಲಾಸ್ಟಿಕ್ ಕಾಲಿಗಿಂತ ಕಬ್ಬಿಣದ ಕಾಲು ವಾಸಿ. ಇದನ್ನು ತೆಗೆದುಕೊಂಡರೆ ಪ್ರತಿ ವರ್ಷ ಅದನ್ನೇ ಅಟ್ಟದಿಂದ ಇಳಿಸಬೇಕು. ಎರಡು ವರ್ಷಕ್ಕೆ ಎಸೆಯುವುದಾದರೆ ದುಡ್ಡೂ ದಂಡ, ಕಸವೂ ಜಾಸ್ತಿ. ಈ ವರ್ಷ ಹೇಗೋ ಆಗುತ್ತದೆ ಅನ್ನುವವರು ಜನವರಿವರೆಗೆ ಕಾದು ನೋಡಿ. ಉಳಿದ ಸರಕನ್ನು ಅಂಗಡಿಯವರು ಇಳಿಸಿ ಕೊಡುತ್ತಾರೆ. ಮನೆ ಬದಲಾಯಿಸುವವರು ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಹಳೆಯದನ್ನು ಮಾರುವುದೂ ಆಗಲೇ.

ಪ್ರಶ್ನೆ: ನಮ್ಮದು ಮೈಸೂರು. ಅತ್ತೆ ಗೋದಲಿ ಒಂದಿದ್ದರೆ ಸಾಕು, ಟ್ರೀ ಎಲ್ಲ ಈಚಿನ ಷೋಕಿ ಅನ್ನುತ್ತಾರೆ. ಮಕ್ಕಳಿಗೆ ಟ್ರೀ ಬೇಕು. ಎರಡಕ್ಕೂ ಖರ್ಚು ಮಾಡುವ ಶಕ್ತಿ ಇಲ್ಲ.

ನಿಮ್ಮ ಅತ್ತೆಯ ಮಾತಿನಲ್ಲಿ ತೂಕವಿದೆ. ಗೋದಲಿ ತುಂಬ ಹಳೆಯದು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆ ಎಲ್ಲ ಇಟ್ಟು ಯೇಸುವಿನ ಜನನದ ದೃಶ್ಯವನ್ನು ಜನರಿಗೆ ತೋರಿಸಿದರು. ಟ್ರೀ ಪದ್ಧತಿ ಬಂದದ್ದು ಜರ್ಮನ್ ನಾಡುಗಳಿಂದ. ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ಮೊದಲ ಸಲ ಕ್ರಿಸ್‌ಮಸ್ ಟ್ರೀ ನಿಂತದ್ದು 1982ರಲ್ಲಿ, ಎರಡನೇ ಜಾನ್ ಪಾಲ್ ಪೋಪ್ ಆಗಿದ್ದಾಗ. ಟ್ರೀ ಇಲ್ಲದೆ ಹಬ್ಬ ಅಪೂರ್ಣ ಅಂತ ಯಾರಾದರೂ ಹೇಳಿದರೆ ನೀವು ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ಹಾಗಂತ ಮಕ್ಕಳಿಗೆ ಬೇಡ ಅನ್ನಬೇಡಿ. ಗೋದಲಿಯ ಹಿಂದೆಯೇ ಒಂದು ಸಣ್ಣ ಹಸಿರು ಕೊಂಬೆಯನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ. ಅದಕ್ಕೇ ಸ್ಟಾರು, ಅದಕ್ಕೇ ಲೈಟು. ಕೊಂಬೆ ಯಾವುದಾದರೂ ಆಗಲಿ, ಸರ್ವೆ, ಸಿಲ್ವರ್ ಓಕ್, ಮನೆ ಹಿತ್ತಲಿನ ಪೇರಲೆಯಾದರೂ ಸರಿ. ಪೂರ್ತಿ ಒಣಗಿದ ಕವಲು ಕೊಂಬೆಗೆ ಸುಣ್ಣ ಬಳಿದು ನಿಲ್ಲಿಸಿದರೂ ಅಂದವಾಗಿ ಕಾಣುತ್ತದೆ. ಗೋದಲಿಯ ನೆಲಕ್ಕೆ ಹಸಿರು ಕಾಗದ ಕೊಳ್ಳುವ ಬದಲು ಹತ್ತು ದಿನ ಮೊದಲೇ ಅಗಲವಾದ ತಟ್ಟೆಗಳಲ್ಲಿ ರಾಗಿ ಅಥವಾ ಗೋಧಿ ಚೆಲ್ಲಿ ಮೊಳಕೆ ಬರಿಸಿ. ಡಿಸೆಂಬರ್ 14, 15ಕ್ಕೆ ಬಿತ್ತಿದರೆ 24ರ ರಾತ್ರಿಗೆ ಎಳೆ ಹಸಿರು ಹುಲ್ಲುಹಾಸು ಸಿದ್ಧ. ಈ ಕೆಲಸ ಅತ್ತೆಗೂ ಮೊಮ್ಮಕ್ಕಳಿಗೂ ಒಟ್ಟಿಗೆ ಕೊಡಿ. ಖರ್ಚು ಒಂದು ಹಿಡಿ ರಾಗಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗೋದಲಿಯಲ್ಲಿ ಒಣಹುಲ್ಲು ಇರುತ್ತದೆ, ಹಿಮ ಅಂತ ಹತ್ತಿ ಹರಡುತ್ತೇವೆ, ಪಕ್ಕದಲ್ಲೇ ಸೀರಿಯಲ್ ಸೆಟ್ ಹಾಕುತ್ತೇವೆ. ಹತ್ತಿಗೆ ಬೆಂಕಿ ತಾಗಿದರೆ ಕೈಗೆ ಸಿಗುವುದಿಲ್ಲ. ಹತ್ತಿ ಬಿಟ್ಟುಬಿಡಿ. ವೈರು ಕಿತ್ತಿರುವ ಹಳೆಯ ಸೆಟ್‌ಗೆ ಟೇಪು ಸುತ್ತಿ ಬಳಸಬೇಡಿ, ಮೇಣದಬತ್ತಿಯನ್ನು ಇನ್ನೊಂದು ಮೇಜಿನ ಮೇಲೆ ಹಚ್ಚಿ, ಮಲಗುವ ಮುಂಚೆ ಪ್ಲಗ್ ಕಿತ್ತುಬಿಡಿ. ಬ್ಯಾಟರಿಯಲ್ಲಿ ಉರಿಯುವ ಸಣ್ಣ ಎಲ್‌ಇಡಿ ಸರ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಉಡುಪಿ ಕಡೆಯವರು ನಾವು. ಚಿಕ್ಕಂದಿನಿಂದ ಕಡಲ ತೀರದ ಗಾಳಿಮರದ ಕೊಂಬೆ ತಂದು ನಿಲ್ಲಿಸುವುದು ರೂಢಿ. ಈಗ ಹಾಗೆ ಕಡಿಯಬಾರದು ಅನ್ನುತ್ತಾರೆ. ತಂದರೂ ಎರಡೇ ದಿನಕ್ಕೆ ಒಣಗುತ್ತದೆ. ಏನು ಮಾಡುವುದು?

ಕಡಿಯಬಾರದು ಅನ್ನುವುದು ಸರಿ. ಗಾಳಿಮರ, ಅಂದರೆ ಹಳೆ ಮೈಸೂರಿನವರ ಸರ್ವೆ, ನಮ್ಮ ಕರಾವಳಿಗೆ ಬಂದದ್ದು 1860ರ ದಶಕದ ಕೊನೆಯಲ್ಲಿ, ಮೊದಲು ನೆಟ್ಟದ್ದು ಕಾರವಾರದಲ್ಲಿ. ಕಡಲಂಚಿನ ತೋಪುಗಳನ್ನು ಬೆಳೆಸಿರುವುದು ಮರಳು ಹಾರದಂತೆ, ಗಾಳಿ ನೇರ ಊರಿಗೆ ನುಗ್ಗದಂತೆ ತಡೆಯಲು. ಒಬ್ಬೊಬ್ಬರೂ ಒಂದೊಂದು ತುದಿ ಕಡಿದರೆ ಡಿಸೆಂಬರ್ ಮುಗಿಯುವಷ್ಟರಲ್ಲಿ ಎಳೆ ಮರಗಳೆಲ್ಲ ಮೊಂಡಾಗಿರುತ್ತವೆ. ರಸ್ತೆ ಬದಿ, ಸರ್ಕಾರಿ ಜಾಗ, ತೀರ, ಇವುಗಳ ಮರ ಮುಟ್ಟಬೇಡಿ.

ಆದರೆ ರೂಢಿಯನ್ನು ಬಿಡಬೇಕಿಲ್ಲ. ಸ್ವಂತ ಜಮೀನಿನ ಸರ್ವೆಗೆ ವಿನಾಯಿತಿ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸರ್ವೆ, ಸಿಲ್ವರ್ ಓಕ್, ನೀಲಗಿರಿ, ತೆಂಗು ಮುಂತಾದವನ್ನು ಅನುಮತಿಯ ನಿಯಮದಿಂದ ಹೊರಗಿಟ್ಟಿದ್ದಾರೆ. ಕಂಬಕ್ಕೆ ಅಂತ ಸರ್ವೆ ಬೆಳೆದವರು ಕಟಾವಿನಲ್ಲಿ ತುದಿಯನ್ನು ಸೌದೆಗೆ ಹಾಕುತ್ತಾರೆ. ನಿಮಗೆ ಬೇಕಾದದ್ದು ಆ ತುದಿಯೇ. ಪರಿಚಯದವರಿಗೆ ಮೊದಲೇ ಹೇಳಿಟ್ಟರೆ ಪುಕ್ಕಟೆ ಅಥವಾ ಸ್ವಲ್ಪ ದುಡ್ಡಿಗೆ ಕೊಡುತ್ತಾರೆ.

ಬೇಗ ಒಣಗುವುದಕ್ಕೆ ಕಾರಣ ನೀರಿಲ್ಲದೆ ನಿಲ್ಲಿಸುವುದು. ಸಂಜೆ ಹೊತ್ತು ಕಡಿಸಿ, ಮನೆಗೆ ತಂದ ಕೂಡಲೇ ಬುಡವನ್ನು ಇನ್ನೊಂದಿಂಚು ಓರೆಯಾಗಿ ಕತ್ತರಿಸಿ, ರಾತ್ರಿಯಿಡೀ ಬಕೆಟ್ ನೀರಲ್ಲಿ ಬಿಡಿ. ಮರುದಿನ ಒದ್ದೆ ಮರಳು ತುಂಬಿದ ಬಕೆಟ್‌ನಲ್ಲಿ ನಿಲ್ಲಿಸಿ ದಿನಾ ಬೆಳಿಗ್ಗೆ ನೀರು ಹಾಕಿ. ಫ್ಯಾನಿನ ಕೆಳಗೆ ಬೇಡ. ಇಷ್ಟು ಮಾಡಿದರೂ ಇದು ವಾರದ ಮರವೇ. ಸೂಜಿ ಸೂಜಿಯಾಗಿ ಉದುರುತ್ತದಲ್ಲ, ಅವು ಎಲೆಯಲ್ಲ, ಗೆಣ್ಣು ಗೆಣ್ಣಾದ ಎಳೆ ಕಡ್ಡಿಗಳು. ನೀರು ಸಾಲದಾದರೆ ಕಳಚಿ ಬೀಳುತ್ತವೆ. ಆದ್ದರಿಂದ ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ ಶುರುವಿನಲ್ಲೇ ತರಬೇಡಿ, 22 ಅಥವಾ 23ಕ್ಕೆ ತನ್ನಿ. ಮೂರು ರಾಯರ ಹಬ್ಬದವರೆಗೆ, ಅಂದರೆ ಜನವರಿ 6ರವರೆಗೆ ಟ್ರೀ ನಿಲ್ಲಲೇಬೇಕು ಅನ್ನುವ ಮನೆಯಾದರೆ ಕುಂಡದ ಗಿಡವೇ ಸರಿ.

ಪ್ರಶ್ನೆ: ಬೀದರ್‌ನಲ್ಲಿ ಅರೌಕೇರಿಯ ತಂದರೆ ಏಪ್ರಿಲ್ ದಾಟುವುದಿಲ್ಲ. ಪ್ರತಿ ವರ್ಷ ಹೊಸದು ತರುವುದು ದುಬಾರಿ.

ನಿಮ್ಮ ಬಿಸಿಲಿಗೆ ಅದು ಕಷ್ಟವೇ. ಅದು ಕಡಲ ನಡುವಿನ ದ್ವೀಪಗಳಿಂದ ಬಂದ ಗಿಡ, ಗಾಳಿಯಲ್ಲಿ ತೇವ ಬೇಕು. ನೀವು ಥೂಜಾ ತನ್ನಿ. ಮೋರ್‌ಪಂಖಿ ಅಂದರೆ ನರ್ಸರಿಯವರು ಕೊಡುತ್ತಾರೆ. ನಾವೆಲ್ಲ ವಿದ್ಯೆ ಬರುತ್ತದೆ ಅಂತ ಇದರ ಎಲೆಯನ್ನು ಪುಸ್ತಕದಲ್ಲಿ ಇಡುತ್ತಿದ್ದೆವಲ್ಲ, ಅದೇ ಗಿಡ. ಸಾಮಾನ್ಯವಾಗಿ ಅರೌಕೇರಿಯಕ್ಕಿಂತ ಅಗ್ಗ, ಬಿಸಿಲು ತಡೆಯುತ್ತದೆ, ಕತ್ತರಿಸಿದರೂ ಚಿಗುರುತ್ತದೆ. ಹಾಗಾಗಿ ಪ್ರತಿ ಮಳೆಗಾಲದ ಕೊನೆಗೆ ಸ್ವಲ್ಪ ಸ್ವಲ್ಪ ಕತ್ತರಿಸಿ ಶಂಕುವಿನ ಆಕಾರಕ್ಕೆ ತರಬಹುದು. ಎಲೆ ಒತ್ತಾಗಿರುವುದರಿಂದ ತೂಗುಹಾಕಲು ಕೊಂಬೆ ಸಿಗುವುದಿಲ್ಲ. ರಿಬ್ಬನ್ ಮತ್ತು ಲೈಟಿನ ಸರವನ್ನು ಸುತ್ತ ಹಾಯಿಸಿ. ಏಪ್ರಿಲ್ ಮೇನಲ್ಲಿ ಪೂರ್ವ ದಿಕ್ಕಿನ ಗೋಡೆ ಪಕ್ಕ ಇಟ್ಟು, ಮಣ್ಣಿನ ಮೇಲೆ ಒಣ ಎಲೆ ಹಾಸಿ.

ಪ್ರಶ್ನೆ: ನಮ್ಮ ಚರ್ಚ್‌ನ ಯುವಕರ ಸಂಘಕ್ಕೆ ಹದಿನೈದು ಅಡಿಯ ಟ್ರೀ ನಿಲ್ಲಿಸುವ ಆಸೆ. ಸಕಲೇಶಪುರ ತಾಲೂಕಿನ ಸಣ್ಣ ಊರು, ಹಣ ಕಡಿಮೆ.

ಆವರಣದಲ್ಲಿ ಈಗಾಗಲೇ ನಿಂತಿರುವ ಮರ ಯಾವುದು ಅಂತ ಮೊದಲು ನೋಡಿ. ಅದಕ್ಕೇ ಲೈಟು ಹಾಕಿದರೆ ಅದಕ್ಕಿಂತ ಚೆಂದ ಇನ್ನಿಲ್ಲ. ಅಂಥ ಮರವಿಲ್ಲದಿದ್ದರೆ ಬಿದಿರಿನ ಮೂರು ಗಳು ಮೇಲೆ ಕಟ್ಟಿ, ಕೆಳಗೆ ಅಗಲಿಸಿ, ಸುತ್ತ ಹಗ್ಗ ಹಾಯಿಸಿ, ಹಗ್ಗಕ್ಕೆ ಸಿಲ್ವರ್ ಓಕ್ ಸೊಪ್ಪು ಸಿಕ್ಕಿಸಿ. ನಿಮ್ಮ ಸುತ್ತ ಕಾಫಿ ತೋಟಗಳೇ ಇವೆ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಇಲ್ಲದ ತೋಟವಿಲ್ಲ. ತೋಟದವರನ್ನು ಕೇಳಿಯೇ ತನ್ನಿ. ಗಳುಗಳ ಬುಡವನ್ನು ಒಂದೂವರೆ ಅಡಿ ನೆಲದೊಳಗೆ ಹೂಳಿ, ಮಕ್ಕಳು ಕೆಳಗೆ ಆಡುತ್ತಾರೆ. ವೈರಿಂಗನ್ನು ಮಾತ್ರ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ರಾತ್ರಿ ಇಬ್ಬನಿ ಬೀಳುವ ಕಡೆ ಜಾಯಿಂಟ್ ತೆರೆದಿರಬಾರದು. ಉಳಿಸಿದ ದುಡ್ಡನ್ನು ಅದಕ್ಕೆ ಕೊಡಿ.

ಪ್ರಶ್ನೆ: ನಾವು ಅಮೆರಿಕದ ಸಿಯಾಟಲ್ ಹತ್ತಿರ ಇದ್ದೇವೆ, ಮೂಲ ದಾವಣಗೆರೆ. ಮಗಳು ನಾಲ್ಕನೇ ತರಗತಿ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಆಚರಣೆ ಇಲ್ಲ, ಆದರೆ ಅವಳಿಗೆ ಆಸೆ. ಇಲ್ಲಿ ನಿಜವಾದ ಮರ ತುಂಬ ದುಬಾರಿ. ಕಡಿಮೆಗೆ ದಾರಿ ಇದೆಯಾ?

ಇದೆ, ಅದೂ ಮಗಳು ನಾಲ್ಕನೇ ತರಗತಿಯಲ್ಲಿದ್ದಾಗಲೇ ಕೇಳಿದ್ದೀರಿ! ಅಲ್ಲಿನ ಫಾರೆಸ್ಟ್ ಸರ್ವೀಸ್ ಅನೇಕ ರಾಷ್ಟ್ರೀಯ ಅರಣ್ಯಗಳಲ್ಲಿ ಮನೆ ಬಳಕೆಗೆ ಒಂದು ಮರ ಕಡಿದುಕೊಳ್ಳಲು ಪರ್ಮಿಟ್ ಕೊಡುತ್ತದೆ. ನಿಮಗೆ ಹತ್ತಿರವಾದದ್ದು ಮೌಂಟ್ ಬೇಕರ್-ಸ್ನೊಕ್ವಾಲ್ಮಿ ಅರಣ್ಯ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಪರ್ಮಿಟ್ ಸಿಗುತ್ತದೆ, ಅಂಗಡಿಯ ಮರದ ಬೆಲೆಯ ಮುಂದೆ ಅದು ಬಹಳ ಕಡಿಮೆ. ಎವ್ರಿ ಕಿಡ್ ಔಟ್‌ಡೋರ್ಸ್ ಅನ್ನುವ ಯೋಜನೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಪಾಸ್ ಕೊಡುತ್ತಾರೆ. ಆ ಪಾಸ್ ಇದ್ದರೆ ಮರದ ಪರ್ಮಿಟ್ ಪುಕ್ಕಟೆ, ಬುಕಿಂಗ್‌ನ ಸಣ್ಣ ಶುಲ್ಕ ಮಾತ್ರ ಕಟ್ಟಬೇಕು. ಪಾಸ್ ಮೊದಲು ಪಡೆಯಿರಿ, ಪರ್ಮಿಟ್ ಬೇಗ ಬುಕ್ ಮಾಡಿ.

ಯಾವ ಜಾಗದಲ್ಲಿ, ಎಷ್ಟು ಎತ್ತರದವರೆಗೆ, ಯಾವ ದಿನದವರೆಗೆ ಕಡಿಯಬಹುದು ಅಂತ ಪ್ರತಿ ಅರಣ್ಯಕ್ಕೂ ಬೇರೆ ನಿಯಮ ಇದೆ, ಪರ್ಮಿಟ್ ಜೊತೆ ಬರುವ ನಕ್ಷೆಯನ್ನು ಓದಿಕೊಂಡು ಹೋಗಿ. ಕೈಗರಗಸ, ಹಗ್ಗ, ಹಳೆಯ ಕಂಬಳಿ ಇರಲಿ. ಬೆಳಿಗ್ಗೆ ಬೇಗ ಹೊರಡಿ, ಅಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಹಿಮದ ರಸ್ತೆಗೆ ಟೈರ್ ಚೈನ್ ಬೇಕು, ಬೆಟ್ಟದಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಮನೆಗೆ ತಂದ ಮೇಲೆ ಬುಡವನ್ನು ಅರ್ಧ ಇಂಚು ಹೊಸದಾಗಿ ಕೊಯ್ದು ನೀರಿನ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ. ಮೊದಲ ದಿನ ಮೂರು ನಾಲ್ಕು ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. ಹೀಟರ್‌ನಿಂದ ದೂರವಿಡಿ. ಜನವರಿಯಲ್ಲಿ ಅಲ್ಲಿನ ಅನೇಕ ಊರುಗಳು ಮರವನ್ನು ಮನೆ ಬಾಗಿಲಿಂದಲೇ ಗೊಬ್ಬರಕ್ಕೆ ಒಯ್ಯುತ್ತವೆ, ಮಿಂಚಿನ ಕಾಗದ ಪೂರ್ತಿ ತೆಗೆದಿರಬೇಕು ಅಷ್ಟೇ. ಆಚರಣೆ ಇಲ್ಲದ ಮನೆಯಲ್ಲಿ ಇಡಬಹುದಾ ಅನ್ನುವ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಧಾರಾಳವಾಗಿ ಇಡಿ. ಮಗಳ ಜೊತೆ ಕಾಡಿಗೆ ಹೋಗಿ ಬರುವ ಆ ಒಂದು ದಿನ ಅವಳಿಗೂ ನಿಮಗೂ ಒಳ್ಳೆಯದೇ.

ಪ್ರಶ್ನೆ: ಹೋದ ವರ್ಷದ ಅರೌಕೇರಿಯ ಚೆನ್ನಾಗಿ ಬೆಳೆದಿದೆ. 30x40 ಸೈಟಿನ ಮೂಲೆಯಲ್ಲಿ ನೆಟ್ಟುಬಿಡಲಾ? ಪ್ರತಿ ವರ್ಷದ ಖರ್ಚು ಉಳಿಯುತ್ತದೆ.

ನೆಡಬೇಡಿ. ಒಮ್ಮೆ ಲಾಲ್‌ಬಾಗ್‌ಗೆ ಹೋಗಿ ಅಲ್ಲಿನ ಅರೌಕೇರಿಯಗಳನ್ನು ಕತ್ತೆತ್ತಿ ನೋಡಿ ಬನ್ನಿ. 1961ರಲ್ಲಿ ಎಲಿಜಬೆತ್ ರಾಣಿ ಬಂದಾಗ ನೆಟ್ಟ ಗಿಡವೂ ಇದೇ ಜಾತಿಯದು, ಈಗ ದೊಡ್ಡ ಮರ. ಅರೌಕೇರಿಯದಲ್ಲೇ ನಾರ್ಫೋಕ್ ಪೈನ್, ಕುಕ್ ಪೈನ್ ಅಂತ ಬೇರೆ ಬೇರೆ ಬಗೆಗಳಿವೆ. ನಾರ್ಫೋಕ್ ಪೈನ್ ಅಂತ ಮಾರುವ ಗಿಡಗಳಲ್ಲಿ ಎಷ್ಟೋ ನಿಜವಾಗಿ ಕುಕ್ ಪೈನ್. ನ್ಯೂ ಕ್ಯಾಲೆಡೋನಿಯಾ ದ್ವೀಪದ ಮರ ಅದು, ನೆಲದಲ್ಲಿ ಬಿಟ್ಟರೆ ನೂರಡಿ ದಾಟುತ್ತದೆ. ಇನ್ನೊಂದು ಸೋಜಿಗ, ಕುಕ್ ಪೈನ್ ನೆಟ್ಟಗೆ ಬೆಳೆಯುವುದಿಲ್ಲ, ಸಮಭಾಜಕ ವೃತ್ತದ ಕಡೆಗೆ ವಾಲುತ್ತದೆ. ಐದು ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು, ಸರಾಸರಿ ಎಂಟೂವರೆ ಡಿಗ್ರಿ ವಾಲು. ನಮ್ಮಲ್ಲಿ ಅಂದರೆ ದಕ್ಷಿಣಕ್ಕೆ. ನಿಮ್ಮ ಸೈಟಿನ ದಕ್ಷಿಣಕ್ಕೆ ಯಾರ ಮನೆ ಇದೆ, ಕರೆಂಟ್ ತಂತಿ ಎಲ್ಲಿದೆ, ನೀವೇ ನೋಡಿ.

ಕುಂಡದಲ್ಲೇ ಇಟ್ಟರೆ ಬೆಳವಣಿಗೆ ನಿಧಾನ, ಎಷ್ಟೋ ವರ್ಷ ನಿಮ್ಮ ಹಬ್ಬಕ್ಕೆ ಆಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಾಯಿಸಿ, ಒಮ್ಮೆಲೇ ದೊಡ್ಡದಕ್ಕೆ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಮರಳು, ಕೊಳೆತ ಗೊಬ್ಬರ ಸಮಪಾಲು. ಬೆಳಕು ಒಂದೇ ಕಡೆಯಿಂದ ಬರುವುದಾದರೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಎತ್ತರ ಜಾಸ್ತಿಯಾಯಿತು ಅಂತ ತುದಿ ಮಾತ್ರ ಕತ್ತರಿಸಬೇಡಿ, ಆ ಶಂಕುವಿನ ಆಕಾರ ಮತ್ತೆ ಬರುವುದಿಲ್ಲ. ಚಾವಣಿಗೆ ತಾಗುವ ವರ್ಷ ಬಂದರೆ ದೊಡ್ಡ ಆವರಣವಿರುವ ಚರ್ಚ್ ಅಥವಾ ಶಾಲೆಗೆ ಮೊದಲೇ ಕೇಳಿಕೊಂಡು, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಯ್ದು ನೆಡಿಸಿ.